ಮೊಳೆಯಿಲ್ಲದ ಏಳನೆಯ ಕಂಬ

“ಇನ್ನೂ ಒಂದು ಬೆರಳು ಮೇಲಕ್ಕೆ ಹಿಡಿಯಯ್ಯಾ. ಐದನೇ ಕಂಬದ ತಲೆಗೆ ಸರಿಯಾಗಿ.”

“ಹಿಡಿದಿದೀನಿ ಸಾರ್. ನೂಲಿಗೆ ಒಂದು ಕೈ, ಏಣಿಗೆ ಒಂದು ಕೈ. ಮೂಗು ಬೇರೆ ಕೆರೀತಿದೆ. ಮೂರನೇ ಕೈ ಎಲ್ಲಿಂದ ತರ್ಲಿ?”

ಏಣಿಯ ಮೇಲಿದ್ದ ದಫೇದಾರನ ಗೋಳಿಗೆ ಇನ್ಸ್‌ಪೆಕ್ಟರು ಕಿವಿಗೊಡಲಿಲ್ಲ. ಇದ್ದಿಲ ಪುಡಿ ಬಳಿದ ನೂಲಿನ ಇನ್ನೊಂದು ತುದಿಯನ್ನು ಅವರು ಎದೆಮಟ್ಟಕ್ಕೆ ಎಳೆದು ಹಿಡಿದಿದ್ದರು. ಆರನೆಯ ಕಂಬದ ನಟ್ಟನಡುವಿನ ಗುರುತಿನ ಮೇಲೆಯೇ ನೂಲು ಹಾಯುತ್ತಿದೆಯೆಂದು ಖಾತ್ರಿಮಾಡಿಕೊಂಡು, ಬಲಗೈಯ ಎರಡು ಬೆರಳಿನಿಂದ ಅದನ್ನು ಹಿಂದಕ್ಕೆಳೆದು ಬಿಟ್ಟರು.

ಟಪ್!

ಕರಿಯ ಧೂಳು ಭುಗ್ಗೆಂದು ಎದ್ದಿತು. ದಫೇದಾರ ಸೀನಿದ, ಮತ್ತೆ ಸೀನಿದ, ಮೂರನೆಯ ಸೀನಿಗೆ ಏಣಿಯೇ ಸೀನಿದಂತಾಯಿತು.

“ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ ಸಾರ್. ನನ್ನ ಹಣೇಲಿ ಬಾಯಿಗೂ ಮಸಿಯೇ ಬರೆದಿದೆ!”

ಇನ್ಸ್‌ಪೆಕ್ಟರು ಕನ್ನಡಕವನ್ನು ಒರೆಸಿಕೊಂಡು ಹತ್ತಿರ ಬಾಗಿದರು. ಹಳೆಯ ಗುರುತುಗಳು ಕೆಡದಿರಲೆಂದು ಪರದೆಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದ್ದರು. ಈಗ ಆ ಹಾಳೆಯ ಮೇಲೆ ಬಿದ್ದ ಹೊಸ ಗೆರೆ, ಅಡಿಯ ಬಟ್ಟೆಯಲ್ಲಿದ್ದ ಹಳೆಯ ಗೆರೆಯನ್ನು ಕೂದಲೆಳೆಯಷ್ಟೂ ಬಿಡದೆ ಮುಚ್ಚಿತ್ತು. ಗೆರೆ ನೆಲಕ್ಕೆ ತಾಗಿದೆಡೆಯಲ್ಲಿ ಇನ್ನೂ ಬರೆಯದ ಏಳನೆಯ ಕಂಬದ ಬುಡದ ಗುರುತಿತ್ತು.

“ಇದು ಮೇಷ್ಟ್ರ ಲೆಕ್ಕವೇ. ಬೇರೆಯವರದಲ್ಲ” ಎಂದರು ಇನ್ಸ್‌ಪೆಕ್ಟರು, ಯಾರಿಗೂ ಹೇಳದವರಂತೆ.

ನಾಟಕಶಾಲೆಯ ಮಹಡಿ ಅದು. ಗೋಡೆಯುದ್ದಕ್ಕೂ ಇಳಿಬಿಟ್ಟ ಆ ಹೊಸ ಪರದೆಯಲ್ಲಿ ಒಂದು ಬೀದಿಯನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಮನುಷ್ಯರಿಲ್ಲ, ನಾಯಿಯಿಲ್ಲ, ಮುಚ್ಚಿದ ಬಾಗಿಲೊಂದೂ ಇಲ್ಲ. ದೀಪದ ಕಂಬಗಳು ಮಾತ್ರ ಒಂದರ ಹಿಂದೊಂದು ಸಣ್ಣದಾಗುತ್ತ, ಒತ್ತೊತ್ತಾಗುತ್ತ, ಬಾನಂಚಿನ ಒಂದು ಚುಕ್ಕೆಯ ಕಡೆಗೆ ನಡೆದಿದ್ದವು. ಇದೇ ಪರದೆಯ ಬುಡದಲ್ಲಿ, ಏಣಿಯ ಕೆಳಗೆ, ಚಿತ್ರದ ಮೇಷ್ಟ್ರು ತಲೆಯೊಡೆದು ಸತ್ತುಬಿದ್ದಿದ್ದರು. ಕೊಂದವನೆಂದು ನಾಟಕಶಾಲೆಯ ಬಡಗಿ ಲಾಕಪ್ಪಿನಲ್ಲಿದ್ದ. ಬೆಳಗಾದರೆ ಅವನನ್ನು ನ್ಯಾಯಾಧೀಶರೆದುರು ನಿಲ್ಲಿಸಬೇಕು.

ಬಡಗಿಯ ಹೆಂಡತಿ ಠಾಣೆಯ ಬೆಂಚಿನ ತುದಿಯಲ್ಲಿ, ಗೊಂಬೆಯಂತೆ ಕುಳಿತೇ ಇದ್ದಳು. ಒಂದು ಮಾತಾಡಿರಲಿಲ್ಲ, ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಆ ಮೌನ ಇನ್ಸ್‌ಪೆಕ್ಟರ ಬೆನ್ನಿಗಂಟಿಕೊಂಡು ಮಹಡಿಯವರೆಗೂ ಬಂದಿತ್ತು.

ದಫೇದಾರ ಕೆಳಗಿಳಿದು, ಪರದೆಯಿಂದ ಹಿಂದೆ ಸರಿದು, ಸೊಂಟದ ಮೇಲೆ ಕೈಯಿಟ್ಟು ನೋಡಿದ.

“ಕಂಬಕ್ಕೂ ಕಂಬಕ್ಕೂ ನಡುವಿನ ಜಾಗ ಕಮ್ಮಿ ಆಗ್ತಾ ಹೋಗಬೇಕು, ಅಷ್ಟೇ ತಾನೆ ಸಾರ್? ಒಂದಕ್ಕಿಂತ ಇನ್ನೊಂದು ಅರ್ಧ ಅಂತ ಇಳಿಸ್ಕೊಂಡು ಹೋದ್ರಾಯ್ತು. ಅದಕ್ಯಾಕೆ ಇಷ್ಟು ದಾರ, ಇದ್ದಿಲು, ಸೀನು?”

“ಹಾಗೆ ಬರೆದು ನೋಡು. ಮೂರು ಕಂಬ ಆಗೋದರೊಳಗೆ ನಿನ್ನ ಬೀದಿ ಹೋಗಿ ಗೋಡೆಗೆ ಮುಖ ಹೊಡ್ಕೊಂಡಿರುತ್ತೆ. ಕಂಬಗಳ ತಲೆಗೆಲ್ಲ ಒಂದು ಗೆರೆ, ಬುಡಕ್ಕೆಲ್ಲ ಒಂದು ಗೆರೆ, ಎರಡೂ ಆ ಚುಕ್ಕೆಗೆ ಹೋಗಿ ಸೇರ್ತವೆ, ಕಾಣ್ತಾ? ಇವೆರಡರ ಮಧ್ಯೆ ಎಲ್ಲ ಕಂಬಗಳ ಸೊಂಟದ ಮೇಲೆ ಹಾಯೋ ಹಾಗೆ ಇನ್ನೊಂದು ಗೆರೆ. ಈಗ ಮೊದಲನೇ ಕಂಬದ ತಲೆಯಿಂದ ನೂಲು ಹಿಡಿ. ಎರಡನೇದರ ಸೊಂಟದ ಮೇಲೆ ಹಾಯಿಸು. ಬುಡದ ಗೆರೆಗೆ ಎಲ್ಲಿ ಬಂದು ತಾಗುತ್ತೋ ಅಲ್ಲೇ ಮೂರನೇದು. ಎರಡನೇದರ ತಲೆಯಿಂದ, ಮೂರನೇದರ ಸೊಂಟದ ಮೇಲೆ ಹಾಯಿಸಿದ್ರೆ ನಾಲ್ಕನೇದು. ಅಂದಾಜಿನ ಮಾತೇ ಇಲ್ಲ.”

“ಪೊಲೀಸ್ ಕೆಲಸದಲ್ಲಿ ಇದನ್ನೆಲ್ಲ ಯಾರು ಹೇಳಿಕೊಟ್ರು ಸಾರ್?”

“ಅಪಘಾತದ ನಕ್ಷೆ ಬರೆಯೋಕೆ ತರಬೇತಿಯಲ್ಲಿ ಕಲಿಸಿದ್ರು. ನೀನು ಹಿಂದಿನ ಬೆಂಚಲ್ಲಿ ನಿದ್ದೆ ಮಾಡಿರ್ತೀಯ.”

“ಹಿಂದಿನ ಬೆಂಚು ದೂರ ಅಲ್ವಾ ಸಾರ್, ವಿದ್ಯೆ ಅಲ್ಲಿಗೆ ಬರೋ ಹೊತ್ತಿಗೆ ಸಣ್ಣಗಾಗಿಬಿಟ್ಟಿತ್ತು.”

ಬೇರೆಯ ದಿನವಾಗಿದ್ದರೆ ಇನ್ಸ್‌ಪೆಕ್ಟರು ನಗುತ್ತಿದ್ದರೇನೋ. ಅವರು ಏಣಿಯನ್ನು ಸರಿಸಿ, ಟಾರ್ಚಿನ ಬೆಳಕನ್ನು ಮೊದಲನೆಯ ಕಂಬದ ತಲೆಗೆ ಹಿಡಿದರು.

“ಅಲ್ಲೇನು ಕಾಣ್ತಿದೆ?”

“ತೂತು. ಸಣ್ಣ ಮೊಳೇದು.”

ಬೆಳಕು ಎರಡನೆಯ ಕಂಬಕ್ಕೆ ಸರಿಯಿತು. ಅಲ್ಲಿಯೂ ತೂತು. ಮೂರನೆಯದಕ್ಕೂ ಇತ್ತು, ನಾಲ್ಕನೆಯದಕ್ಕೂ ಇತ್ತು. ಐದನೆಯ ಕಂಬದ ತಲೆಯ ಮೇಲೆ ಬೆಳಕು ನಿಂತು, ಅಲ್ಲಿಯೇ ನಿಂತುಬಿಟ್ಟಿತು. ಅಲ್ಲಿ ಬಟ್ಟೆ ಇಡಿಯಾಗಿತ್ತು.

“ಐದನೇದಕ್ಕಿಲ್ಲ!” ಎಂದ ದಫೇದಾರ. “ಮೊಳೆ ಮುಗಿದಿತ್ತೇನೋ.”

“ಕಿಟಕಿ ಮೇಲೆ ಡಬ್ಬಿ ತುಂಬ ಇವೆ.”

ನೂಲಿಗೆ ಎರಡು ತುದಿ. ಎರಡಕ್ಕೂ ಒಬ್ಬೊಬ್ಬರು ಬೇಕು. ಇನ್ನೊಬ್ಬರಿಲ್ಲದವನು ಏಣಿ ಹತ್ತಿ, ಕಂಬದ ತಲೆಗೊಂದು ಮೊಳೆ ಹೊಡೆದು, ಅದಕ್ಕೆ ನೂಲಿನ ತುದಿ ಕಟ್ಟಿ, ಇಳಿದು ಬಂದು ಈ ತುದಿಯನ್ನು ಎಳೆದು ಹಿಡಿಯುತ್ತಾನೆ. ಆ ಮೊಳೆಯೇ ಅವನ ಜೊತೆಗಾರ. ಇದನ್ನು ಇನ್ಸ್‌ಪೆಕ್ಟರಿಗೆ ಯಾವ ತರಬೇತಿಯಲ್ಲಿಯೂ ಕಲಿಸಿರಲಿಲ್ಲ. ಅವರ ಮನೆಯ ಮಲಗುವ ಕೋಣೆಯ ಬಾಗಿಲ ಹಿಂದೆ ಅಂಥದೇ ಒಂದು ಮೊಳೆಯಿತ್ತು. ಒಗೆದ ಹೊದಿಕೆಯನ್ನು ಮಡಿಸುವಾಗ ಒಂದು ಮೂಲೆಯನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದನ್ನು ತಾವು ಹಿಡಿದು, ಕೊಡವಿ, ನಡೆದು ಹೋಗಿ ಮೊಳೆಯ ಬಳಿ ಮಡಿಕೆ ಸೇರಿಸುತ್ತಿದ್ದರು. ಹೆಂಡತಿ ತೀರಿಕೊಂಡ ವಾರದಲ್ಲಿ ಹೊಡೆದ ಮೊಳೆ ಅದು. ಮನೆಗೆ ಬಂದವರು ಅದನ್ನು ಅಂಗಿ ನೇತುಹಾಕುವುದಕ್ಕೆಂದು ತಿಳಿಯುತ್ತಿದ್ದರು; ಇವರೂ ಹಾಗೆಯೇ ತಿಳಿಯಲೆಂದು ಸುಮ್ಮನಿದ್ದುಬಿಡುತ್ತಿದ್ದರು.

“ಏಳನೇ ಕಂಬ ಹಾಕೋವಾಗ ಮೇಷ್ಟ್ರಿಗೆ ಮೊಳೆ ಬೇಕಾಗಿರಲಿಲ್ಲ ಕಣಯ್ಯಾ” ಎಂದರು ಅವರು ಮೆಲ್ಲಗೆ. “ಒಂದು ತುದೀಲಿ ಅವರಿದ್ರು. ಇನ್ನೊಂದು ತುದೀಲಿ ಯಾರೋ ಇದ್ರು.”

ದಫೇದಾರನ ಮೂಗಿನ ಕೆರೆತ ಥಟ್ಟನೆ ನಿಂತಿತು.

“ಇಲ್ಲಿ ನೋಡು.” ಇನ್ಸ್‌ಪೆಕ್ಟರು ಏಳನೆಯ ಕಂಬದ ಬುಡವನ್ನು ತೋರಿಸಿದರು. ಒರಟು ಬಟ್ಟೆಯ ಮೇಲೆ ಬೆರಳಚ್ಚು ನಿಲ್ಲುವುದಿಲ್ಲ. ನಿಂತದ್ದು ಅಕ್ಕಪಕ್ಕದ ಎರಡು ಕರಿ ಪಟ್ಟೆಗಳು ಮಾತ್ರ. “ನೂಲನ್ನ ತೋರುಬೆರಳಿಗೆ ಎರಡು ಸುತ್ತು ಸುತ್ತಿ, ಬಟ್ಟೆಗೆ ಒತ್ತಿ ಹಿಡಿದಿದಾರೆ. ಉಳಿದ ಕಂಬಗಳ ಬುಡದಲ್ಲಿ ಮೇಷ್ಟ್ರ ಹೆಬ್ಬೆರಳಿನ ಒಂದೇ ಗುರುತು. ಬೆಳಿಗ್ಗೆ ಬಡಗಿ ಕೈಲಿ ಹಲಗೆ ಮೇಲೆ ನೂಲು ಹೊಡೆಸಿದೆನಲ್ಲ, ಅವನು ಹೇಗೆ ಹಿಡಿದ?”

“ಹೆಬ್ಬೆರಳಡಿ ಒತ್ತಿ. ಸುತ್ತಲಿಲ್ಲ.”

“ಹಾಗಾದ್ರೆ ಈ ಕೈ ಅವನದಲ್ಲ.”

ಮೆಟ್ಟಿಲ ಮೇಲೆ ಏದುಸಿರು ಕೇಳಿಸಿತು. ಹಿಂದೆಯೇ ನಾಟಕಶಾಲೆಯ ಯಜಮಾನರು ಬಂದರು. ದೇಹ ಭಾರ, ಧ್ವನಿ ಅದಕ್ಕಿಂತ ಭಾರ. ಬದುಕಿನಲ್ಲಿಯೂ ಕೊನೆಯ ಸಾಲಿನ ಪ್ರೇಕ್ಷಕನಿಗೆ ಕೇಳಿಸುವಂತೆಯೇ ಮಾತಾಡುವ ಮನುಷ್ಯ.

“ಕರೆಸಿದ್ರಂತೆ! ಇನ್ನು ಎಷ್ಟು ಸಲ ಹೇಳ್ಲಿ ಸ್ವಾಮೀ? ಅವತ್ತು ಸಂಜೆ ಮೇಷ್ಟ್ರಿಗೂ ಬಡಗಿಗೂ ಜಗಳ. ಕೆಳಗಿನವರೆಗೂ ಕೇಳಿಸ್ತು. ನಾನೇ ಹತ್ತಿ ಬಂದು ಬಡಗಿ ರಟ್ಟೆ ಹಿಡ್ಕೊಂಡು ಕೆಳಗಿಳಿಸಿದೆ. ಬೀದಿಗೆ ಬಿಟ್ಟು ಮುಂಬಾಗಿಲಿಗೆ ಬೀಗ ಜಡಿದು ಹೋದೆ. ಮೇಷ್ಟ್ರ ಹತ್ರ ಹಿಂಬಾಗಿಲ ಬೀಗದ ಕೈ ಇತ್ತು, ಅವರು ಯಾವಾಗಲೂ ಆ ಕಡೆಯಿಂದಾನೆ ಹೋಗೋದು.”

“ಜಗಳ ಯಾತಕ್ಕೆ?”

“‘ಆ ಮಾತು ಎತ್ತಬೇಡ, ನನ್ನ ಪಾಲಿಗೆ ಅದು ಸತ್ತಿದೆ’ ಅಂತ ಮೇಷ್ಟ್ರು ಕೂಗ್ತಿದ್ರು. ಯಾವ ಮಾತೋ, ಯಾವುದು ಸತ್ತಿತ್ತೋ, ದೇವರಿಗೇ ಗೊತ್ತು.”

“ಆಗ ಪರದೆ ಮೇಲೆ ಎಷ್ಟು ಕಂಬ ಇದ್ದವು?”

“ಆರು. ಚೆನ್ನಾಗಿ ನೆನಪಿದೆ. ‘ಎಂಟು ಅಂದಿದ್ರಿ, ಆರಕ್ಕೇ ನಿಂತಿದೀರಲ್ಲ ಮೇಷ್ಟ್ರೇ, ನನ್ನ ನಾಯಕ ಏಳನೇ ದೀಪದ ಕೆಳಗೆ ನಿಂತು ಅಳಬೇಕು’ ಅಂತ ನಾನೇ ರೇಗಿಸಿದೆ.” ಯಜಮಾನರು ಪರದೆಯತ್ತ ತಿರುಗಿದರು, ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. “ಅಯ್ಯೋ, ಏಳನೇದರ ಗುರುತೂ ಇದೆ!”

“ಇದೆ. ಸ್ವಲ್ಪ ಈ ತುದಿ ಹಿಡೀತೀರಾ?”

ಯಜಮಾನರು ನೂಲಿನ ತುದಿಯನ್ನು ಹಾವಿನ ಬಾಲ ಹಿಡಿದವರಂತೆ ಎರಡು ಬೆರಳ ತುದಿಯಲ್ಲಿ ಹಿಡಿದು, ಮುಖವನ್ನು ನೂಲಿಗೆ ತೀರ ಹತ್ತಿರ ತಂದು ಕುತೂಹಲದಿಂದ ನೋಡತೊಡಗಿದರು. ಇನ್ಸ್‌ಪೆಕ್ಟರು ನೂಲನ್ನೆಳೆದು ಬಿಟ್ಟರು. ಮರುಕ್ಷಣ ಯಜಮಾನರ ಕಣ್ಣು, ಮೀಸೆ, ಇಸ್ತ್ರಿ ಮಾಡಿದ ಅಂಗಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದವು.

“ಕಣ್ಣು! ನನ್ನ ಕಣ್ಣು!”

“ತೊಳ್ಕೊಳ್ಳಿ, ಏನೂ ಆಗಲ್ಲ” ಎಂದು ದಫೇದಾರ ಅವರನ್ನು ನಲ್ಲಿಯತ್ತ ಕರೆದೊಯ್ದು ಬಂದು, ಪಿಸುಗುಟ್ಟಿದ: “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಇವರಿಗೆ ಹೆಗಲು ಎಲ್ಲಿದೆ ಅಂತಾನೇ ಗೊತ್ತಿಲ್ಲ ಸಾರ್.”

“ಹೌದು. ಒಂದು ಸಲ ನೂಲು ಹಿಡಿದ ಅಭ್ಯಾಸ ಇರೋರು ಬಿಡೋ ಮುಂಚೆ ಮುಖ ತಿರುಗಿಸ್ತಾರೆ, ಕಣ್ಣು ಮುಚ್ತಾರೆ. ಅದು ಮೈಗೆ ಅಂಟಿದ ಪಾಠ. ಇವರಲ್ಲ.”

ಇನ್ಸ್‌ಪೆಕ್ಟರು ಕಿಟಕಿಯ ಬಳಿ ಹೋಗಿ ಮೇಲಧಿಕಾರಿಗೆ ಫೋನ್ ಮಾಡಿದರು. ಬಡಗಿ ಹೊರಟುಹೋದ ಮೇಲೆ ಬಿದ್ದ ಗೆರೆಯಿದು, ಅಂದರೆ ಆಗಲೂ ಮೇಷ್ಟ್ರು ಬದುಕಿದ್ದರು, ಮುಂಬಾಗಿಲಿಗೆ ಬೀಗವಿತ್ತು, ಹಿಂಬಾಗಿಲನ್ನು ಅವರೇ ತೆರೆದು ಬೇರೆ ಯಾರನ್ನೋ ಒಳಗೆ ಕರೆದಿದ್ದರು. ಆ ಕಡೆಯ ಧ್ವನಿ ಗೊಣಗಿತು, ಸಿಡುಕಿತು, ಕೊನೆಗೆ ಒಪ್ಪಿತು. “ತಪ್ಪಿದ್ರೆ ನಿಮ್ಮ ತಲೆ ಮೇಲೆ, ನೆನಪಿರಲಿ” ಎಂಬ ಮಾತಿನೊಂದಿಗೆ ಫೋನ್ ಕಡಿಯಿತು.

“ಹೋಗು. ಬಡಗೀನ ಮನೆಗೆ ಕಳಿಸು. ಮೊದಲು ಆ ಹೆಣ್ಣುಮಗಳಿಗೆ ಹೇಳು, ಆಮೇಲೆ ಅವನಿಗೆ.”

ದಫೇದಾರ ಎರಡೆರಡು ಮೆಟ್ಟಿಲು ಹಾರಿಕೊಂಡು ಇಳಿದ. ನಲ್ಲಿಯ ಬಳಿಯ ಗೋಳಾಟವೂ ಅವನ ಹಿಂದೆಯೇ ಇಳಿದುಹೋಯಿತು.

ಮಹಡಿಯಲ್ಲಿ ಇನ್ಸ್‌ಪೆಕ್ಟರು ಒಬ್ಬರೇ ಉಳಿದರು. ಸಂಜೆಯ ಬೆಳಕು ನೆಲದ ಮೇಲೆ ತೆವಳುತ್ತ ಗೋಡೆಯ ಬದಿಯಲ್ಲಿ ಸುತ್ತಿಟ್ಟಿದ್ದ ಹಳೆಯ ಪರದೆಗಳವರೆಗೂ ಹೋಗಿತ್ತು. ನಿನ್ನೆಯೆಲ್ಲ ಇನ್ಸ್‌ಪೆಕ್ಟರು ಅವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದರು. ಅರಮನೆಯ ಕಂಬಸಾಲು, ತೋಟದ ಬೇಲಿ, ರೈಲುಹಳಿಯ ಪಟ್ಟಿಗಳು. ಮೇಷ್ಟ್ರು ಸಮನಾಗಿ ನಿಂತ ಸಾಲುಗಳನ್ನೇ ಬದುಕಿನುದ್ದಕ್ಕೂ ಬರೆದಿದ್ದರು. ತೀರ ಹಳೆಯ ಪರದೆಗಳಲ್ಲಿ ಎಲ್ಲಿಯೂ ಮೊಳೆಯ ತೂತಿಲ್ಲ. ಮೊದಮೊದಲು ಹೆಂಗಸಿನ ಹೆಬ್ಬೆರಳಿನ ಗುರುತು. ಆಮೇಲೆ ಇದ್ದಕ್ಕಿದ್ದಂತೆ ಅದು ನಿಂತು, ಕಡ್ಡಿಯಂಥ ಎರಡು ಪಟ್ಟೆಗಳು: ಎಳೆಯ ಬೆರಳಿನವು. ಪರದೆಯಿಂದ ಪರದೆಗೆ ಆ ಪಟ್ಟೆಗಳ ನಡುವಿನ ಅಂತರ ಅಗಲವಾಗುತ್ತ ಬಂದಿತ್ತು, ಬೆರಳು ಬೆಳೆಯುತ್ತಿತ್ತು. ಮತ್ತೊಂದು ಪರದೆಯಿಂದ ಆಚೆಗೆ ಪಟ್ಟೆಗಳೂ ಇಲ್ಲ. ಅಲ್ಲಿಂದ ಮುಂದೆಲ್ಲ ಬರಿಯ ಮೊಳೆ, ಮೊಳೆ, ಮೊಳೆ.

ಒಂದು ಸಂಸಾರ ಕರಗಿದ್ದನ್ನು ಅವರು ಹಾಗೆ ಬಟ್ಟೆಯ ಮೇಲೆ ಓದಿದ್ದರು.

“ಬರಬಹುದಾ ಸಾರ್? ಅಪ್ಪನ ಕುಂಚಗಳನ್ನ ತಗೊಂಡು ಹೋಗೋಕೆ ಹೇಳಿಕಳಿಸಿದ್ರಂತೆ.”

ಮೇಷ್ಟ್ರ ಮಗಳು ಬಾಗಿಲಲ್ಲಿ ನಿಂತಿದ್ದಳು. ಮೂವತ್ತರ ಆಸುಪಾಸು, ಆಸ್ಪತ್ರೆಯ ನರ್ಸು, ಪಾಳಿ ಮುಗಿಸಿ ನೇರವಾಗಿ ಬಂದಿದ್ದಳೇನೋ, ಬಿಳಿಯ ಬೂಟು ಕಾಲಲ್ಲಿಯೇ ಇತ್ತು. ಅಪ್ಪ ಬೇಡವೆಂದವನನ್ನು ಮದುವೆಯಾಗಿ ಮನೆ ಬಿಟ್ಟವಳು. ಅಂದಿನಿಂದ ಈ ಹೊಸಿಲು ತುಳಿದಿಲ್ಲವೆಂದು ಆಕೆಯೇ ಠಾಣೆಯಲ್ಲಿ ಹೇಳಿದ್ದಳು.

“ಬಾಮ್ಮ. ಕುಂಚ ಅಲ್ಲಿವೆ. ಅದಕ್ಕೆ ಮುಂಚೆ ಒಂದು ಉಪಕಾರ ಮಾಡ್ತೀಯಾ? ಎಂಟನೇ ಕಂಬ ಎಲ್ಲಿ ಬರ್ತಿತ್ತು ಅಂತ ನೋಡಬೇಕು. ಒಬ್ಬನ ಕೈಲಿ ಆಗಲ್ಲ.”

ಆಕೆ ಪರದೆಯನ್ನು ನೋಡಿದಳು. ಅಷ್ಟೇ ಬೇಗ ಕಣ್ಣು ತೆಗೆದಳು. “ನನಗೆ ಮರೆತುಹೋಗಿದೆ.”

“ಹಿಡಿದರೆ ಸಾಕು.”

ಇನ್ಸ್‌ಪೆಕ್ಟರು ನೂಲಿನ ಒಂದು ತುದಿಯನ್ನು ಆಕೆಗೆ ಕೊಟ್ಟು, ಇನ್ನೊಂದನ್ನು ಹಿಡಿದು ಏಣಿ ಹತ್ತತೊಡಗಿದರು. ಮೂರು ಮೆಟ್ಟಿಲು ಹತ್ತಿದ್ದರೋ ಇಲ್ಲವೋ, ಏಣಿ ಒಮ್ಮೆ ತೊನೆಯಿತು.

“ನಿಲ್ಲಿ ಸಾರ್!” ಆಕೆಯ ಧ್ವನಿ ಚೂಪಾಗಿತ್ತು. “ಏಣಿ ಯಾರು ಹಿಡೀತಾರೆ?”

“ನಾನು ಯಾವಾಗಲೂ ಹೀಗೇ ಹತ್ತೋದು. ಹಿಡಿಯೋರು ಯಾರಿದಾರೆ?” ಎಂದು ಹೇಳುತ್ತಲೇ ಅವರು ಆರನೆಯ ಕಂಬದ ತಲೆಯವರೆಗೆ ಹತ್ತಿ ನೂಲನ್ನೊತ್ತಿ ಹಿಡಿದರು. “ಏಳನೇದರ ಸೊಂಟ ಬರೋ ಜಾಗದ ಮೇಲೆ ಹಾಯಿಸಮ್ಮ. ಹಾಂ. ಈಗ ಹೊಡಿ.”

ಆಕೆಯ ಎಡಗೈ ತನ್ನಷ್ಟಕ್ಕೆ ತಾನೇ ಕೆಲಸ ಮಾಡಿತು: ತೋರುಬೆರಳಿಗೆ ಒಂದು ಸುತ್ತು, ಇನ್ನೊಂದು ಸುತ್ತು, ಬಟ್ಟೆಗೆ ಒತ್ತು. ಬಲಗೈ ನೂಲನ್ನು ಹಿಂದಕ್ಕೆಳೆಯಿತು. ಮುಖ ಬಲಕ್ಕೆ ತಿರುಗಿತು. ಕಣ್ಣು ಮುಚ್ಚಿತು.

ಟಪ್!

ಧೂಳು ಇಳಿದ ಮೇಲೆ ಇನ್ಸ್‌ಪೆಕ್ಟರು ಕೆಳಗಿಳಿದು ಬಂದು, ಪ್ಲಾಸ್ಟಿಕ್ ಹಾಳೆಯ ಮೇಲೆ ಬಿದ್ದಿದ್ದ ಹೊಸ ಪಟ್ಟೆಗಳ ಪಕ್ಕಕ್ಕೆ ಟಾರ್ಚು ಹಿಡಿದರು. ಒಂದು ಗೇಣು ಆಚೆಗೆ ಏಳನೆಯ ಕಂಬದ ಬುಡ. ಅಲ್ಲಿಯೂ ಎರಡು ಪಟ್ಟೆ. ನಡುವಿನ ಅಂತರ ಒಂದೇ.

“ಚಿಕ್ಕಂದಿನ ಅಭ್ಯಾಸ” ಎಂದಳು ಆಕೆ ಬೆರಳಿನ ನೂಲು ಬಿಚ್ಚುತ್ತ. “ಅಮ್ಮ ಹೋದ ಮೇಲೆ ನಾನೇ ಹಿಡೀತಿದ್ದೆ. ಕೈಲಿ ಬಲ ಇರ್ತಿರಲಿಲ್ಲ, ನೂಲು ಜಾರ್ತಿತ್ತು. ಎರಡು ಸುತ್ತು ಸುತ್ಕೋ ಅಂತ ಅಪ್ಪ ಹೇಳಿಕೊಟ್ರು. ಅದನ್ನೇ ತಪ್ಪು ಅಂತೀರಾ?”

“ಚಿಕ್ಕಂದಿನ ಪಟ್ಟೆಗಳು ಆ ಹಳೇ ಪರದೆಗಳಲ್ಲಿವೆ, ನೋಡಿದೀನಿ. ಕಡ್ಡಿ ಹಾಗಿವೆ. ಇದು ಹೊಸ ಬಟ್ಟೆ ತಾಯಿ. ಇದು ಇವತ್ತಿನ ನಿನ್ನ ಬೆರಳು.”

ಆಕೆ ಬಿಚ್ಚಿದ ನೂಲನ್ನು ಕೆಳಗೆ ಬಿಟ್ಟಳು.

“ಮುಂಬಾಗಿಲಿಗೆ ಬೀಗ ಇತ್ತು. ನಿನಗೆ ಹಿಂಬಾಗಿಲನ್ನ ಅಪ್ಪನೇ ತೆಗೆದ್ರು. ಇಷ್ಟು ವರ್ಷ ಮೊಳೆ ಹೊಡ್ಕೊಂಡು ಕೆಲಸ ಮಾಡಿದ ಮನುಷ್ಯ ಅವತ್ತು ಸುತ್ತಿಗೆ ಮುಟ್ಟಲಿಲ್ಲ. ಅಷ್ಟು ಸಂತೋಷವಾಗಿದ್ದವರನ್ನ ನೆಲದ ಮೇಲೆ ಬಿಟ್ಟು, ಬಾಗಿಲು ಮುಂದೆ ಮಾಡ್ಕೊಂಡು ಹೋದೆಯಲ್ಲ, ಯಾಕಮ್ಮ?”

ಆಕೆ ಮಣೆಯ ಮೇಲೆ ಕುಸಿದು ಕುಳಿತಳು. ಬಿಳಿಯ ಬೂಟುಗಳ ಮೇಲೆ ಇದ್ದಿಲ ಪುಡಿ ಬಿದ್ದಿತ್ತು.

“ನಾಡಿ ನೋಡಿದೆ ಸಾರ್. ದಿನಾ ನೋಡೋ ಕೈ ಇದು. ನೋಡೋಕೆ ಏನೂ ಉಳಿದಿರಲಿಲ್ಲ.”

“ನೂಲಿಗೆ ಎರಡು ತುದಿ. ಒಂದು ತುದೀಲಿದ್ದವರು ಸತ್ರು. ಇನ್ನೊಂದು ತುದೀಲಿದ್ದವಳು ನೀನು. ಬೇರೆ ಯಾರನ್ನ ಕೇಳ್ಲಿ?”

ಆಕೆ ತಲೆಯೆತ್ತಿ ಅವರನ್ನು ಬಹಳ ಹೊತ್ತು ನೋಡಿದಳು. ಆ ನೋಟದಲ್ಲಿ ಹೆದರಿಕೆಯಿರಲಿಲ್ಲ; ರೋಗಿಯ ಮುಖ ನೋಡಿಯೇ ಜ್ವರ ತಿಳಿಯುವವರ ನೋಟ ಅದು.

“ನಿಮ್ಮ ಮನೇಲಿ ಯಾರಿದಾರೆ ಸಾರ್?”

“ಯಾರೂ ಇಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ?”

“ಅದಕ್ಕೇ ನಿಮಗೆ ಹೊಳೀಲಿಲ್ಲ. ಈಗ ಏಣಿ ಹತ್ತಿದ್ರಲ್ಲ, ಅದು ಅಲ್ಲಾಡ್ತು. ನಿಮ್ಮ ಕಾಲಿಗೆ ಗೊತ್ತಾಯ್ತು, ನಿಮಗೆ ಗೊತ್ತಾಗಲಿಲ್ಲ. ಹಿಡಿಯೋರು ಬೇಕು ಅನ್ನೋದೇ ಮರೆತುಹೋಗಿದೆ. ಅಪ್ಪನಿಗೂ ಹಾಗೇ ಮರೆತುಹೋಗಿತ್ತು. ಅವತ್ತು ನೆನಪಾಯ್ತು. ‘ಇವತ್ತು ಮೂರು ಜನ ಇದೀವಿ ಮಗಳೇ, ರಾಜನ ಹಾಗೆ ಹತ್ತುತೀನಿ ನೋಡು’ ಅಂದ್ರು.”

ಮೂರನೇ ಕೈ ಎಲ್ಲಿಂದ ತರಲಿ? ದಫೇದಾರನ ಗೋಳು ಇನ್ಸ್‌ಪೆಕ್ಟರ ಕಿವಿಯಲ್ಲಿ ಗುಂಯ್‌ಗುಟ್ಟಿತು. ನೂಲಿನ ತುದಿಗಳನ್ನು ಅವರು ಎಣಿಸಿದ್ದರು, ಮೊಳೆಯ ತೂತುಗಳನ್ನು ಎಣಿಸಿದ್ದರು. ಏಣಿಯ ಬುಡವೊಂದನ್ನು ಎಣಿಸಿರಲಿಲ್ಲ. ತಮ್ಮ ಏಣಿಯ ಬುಡದಲ್ಲಿ ಯಾರೂ ನಿಲ್ಲದ ಮನುಷ್ಯನಿಗೆ ಮಾತ್ರ ಆಗಬಹುದಾದ ಮರೆವು ಅದು.

“ಯಾರಮ್ಮ ಆ ಮೂರನೆಯವರು?”

“ಬಡಗಿ ಚಿಕ್ಕಪ್ಪ.”

ಇನ್ಸ್‌ಪೆಕ್ಟರ ಕಣ್ಣು ಏಣಿಯ ಬುಡಕ್ಕೆ ಹೋಯಿತು.

“ನನ್ನ ಕರೆಸ್ಕೋ ಅಂತ ಅಪ್ಪನ ಹತ್ರ ಜಗಳ ಆಡ್ತಿದ್ದಿದ್ದು ಅವರೇ. ಯಜಮಾನರು ಬೀದಿಗೆ ಬಿಟ್ಟ ಮೇಲೆ ನೇರವಾಗಿ ಆಸ್ಪತ್ರೆಗೆ ಬಂದ್ರು, ಕೈ ಹಿಡ್ಕೊಂಡು ಎಳ್ಕೊಂಡು ಬಂದು ಹಿಂಬಾಗಿಲು ತಟ್ಟಿದ್ರು. ಅಪ್ಪ ಬಾಗಿಲು ತೆಗೆದು ನನ್ನನ್ನ ನೋಡಿದ್ರು. ನೂಲಿನ ತುದಿ ತಂದು ನನ್ನ ಕೈಗೆ ಕೊಟ್ರು, ಅಷ್ಟೇ.” ಆಕೆ ಪರದೆಯತ್ತ ಕೈ ತೋರಿಸಿದಳು. “ಅಪ್ಪ ಮೇಲೆ, ನಾನು ಇಲ್ಲಿ, ಚಿಕ್ಕಪ್ಪ ಏಣಿ ಬುಡದಲ್ಲಿ. ನಾನು ನೂಲು ಎಳೆದೆ.”

“ಆಮೇಲೆ? ಏಣಿ ಹೇಗೆ ಬಿತ್ತು? ಅವನೇ ಬಿಟ್ಟನಾ? ಎಳೆದನಾ? ಏನು ನೋಡಿದೆ?”

“ನೀವೇ ನೋಡಿದ್ರಲ್ಲ ಸಾರ್, ನೂಲು ಬಿಡೋವಾಗ ನಾನೇನು ಮಾಡ್ತೀನಿ ಅಂತ.”

ಇನ್ಸ್‌ಪೆಕ್ಟರು ಕೈಯ ಟಾರ್ಚನ್ನು ಕೆಳಗಿಟ್ಟರು.

“ಮುಖ ತಿರುಗಿಸಿ ಕಣ್ಣು ಮುಚ್ಚಿದ್ದೆ. ಟಪ್ ಅಂತು. ಹಿಂದೆಯೇ ಇನ್ನೊಂದು ಸದ್ದು. ಕಣ್ಣು ಬಿಟ್ಟಾಗ ಅಪ್ಪ ನೆಲದ ಮೇಲಿದ್ರು. ಏಣಿ ಅಡ್ಡ ಬಿದ್ದಿತ್ತು. ಚಿಕ್ಕಪ್ಪ ಏಣಿ ಹತ್ರ ಇರಲಿಲ್ಲ. ಆ ಬಾಗಿಲ ಹತ್ರ ನಿಂತಿದ್ರು, ಬೆನ್ನು ಈ ಕಡೆಗೆ. ‘ನೀನು ಇಲ್ಲಿಗೆ ಬಂದೇ ಇಲ್ಲ. ಹೋಗು. ಬಾಯಿ ಬಿಟ್ರೆ ನಿನ್ನ ತಲೆಗೇ ಬರುತ್ತೆ’ ಅಂದ್ರು. ಅದು ನನ್ನನ್ನ ಕಾಪಾಡೋಕೆ ಹೇಳಿದ ಮಾತೋ, ಹೆದರಿಸೋಕೆ ಹೇಳಿದ್ದೋ, ಹಗಲೂ ರಾತ್ರಿ ಅದನ್ನೇ ತಿರುವಿ ಹಾಕ್ತಿದೀನಿ. ಅವರು ಲಾಕಪ್ಪಿನಲ್ಲಿರೋವರೆಗೂ ಯೋಚನೆ ಮಾಡೋಕೆ ಹೊತ್ತಿದೆ ಅಂದ್ಕೊಂಡಿದ್ದೆ.”

ಇನ್ಸ್‌ಪೆಕ್ಟರು ಫೋನಿಗೆ ಕೈಹಾಕಿದರು. ಎರಡನೆಯ ರಿಂಗಿಗೇ ದಫೇದಾರನ ಉತ್ಸಾಹ ಕಿವಿಗಪ್ಪಳಿಸಿತು.

“ಬಿಟ್ಟಾಯ್ತು ಸಾರ್! ಆ ಯಮ್ಮ ಗಂಡನ ಮುಖ ನೋಡಿ ಈಗ ಅತ್ತಳು ನೋಡಿ, ನನಗೂ ಕಣ್ಣು ತುಂಬ್ತು. ನಿಮಗೆ ಕೈಮುಗಿದೆ ಅಂತ ಹೇಳು ಅಂದ್ಳು. ಈಗಷ್ಟೇ ಹೊರಟ್ರು.”

ಅವರು ಫೋನು ಹಿಡಿದೇ ಕಿಟಕಿಗೆ ಹೋದರು. ಬೀದಿಯ ದೀಪಗಳು ಹೊತ್ತಿಕೊಂಡಿದ್ದವು. ನಾಟಕಶಾಲೆಯ ಎದುರಿಗೇ ಇದ್ದ ಠಾಣೆಯ ಗೇಟಿನಿಂದ ಆಚೆಗೆ ಕಂಬಗಳು ಒಂದರ ಹಿಂದೊಂದು ಸಣ್ಣದಾಗುತ್ತ, ಒತ್ತೊತ್ತಾಗುತ್ತ ನಡೆದಿದ್ದವು. ಮೇಷ್ಟ್ರು ಈ ಕಿಟಕಿಯಲ್ಲಿ ನಿಂತೇ ತಮ್ಮ ಬೀದಿಯನ್ನು ಕಂಡಿದ್ದರೆಂಬುದು ಅವರಿಗೆ ಈಗ ತಿಳಿಯಿತು. ಆ ಬೀದಿಯಲ್ಲಿ ಇಬ್ಬರು ಒತ್ತಿಕೊಂಡು ಹೋಗುತ್ತಿದ್ದರು. ಒಂದು ದೀಪದ ಕೆಳಗೆ ಕಾಣಿಸುವರು, ಕತ್ತಲಲ್ಲಿ ಕರಗುವರು, ಮುಂದಿನ ದೀಪದ ಕೆಳಗೆ ಇನ್ನಷ್ಟು ಚಿಕ್ಕವರಾಗಿ ಮತ್ತೆ ಕಾಣಿಸುವರು.

“ಹೋಗಿ ತಡೆಯಯ್ಯಾ ಅವನನ್ನ” ಎಂದು ಫೋನಿನಲ್ಲಿ ಹೇಳಬೇಕೆಂದಿದ್ದರು. ಹೆಂಗಸಿನ ತಲೆ ಗಂಡನ ಭುಜಕ್ಕೊರಗಿದ್ದು ಕಂಡಿತು. ಫೋನು ಹಿಡಿದ ಕೈ ಕಿವಿಯ ಬಳಿಯೇ ನಿಂತಿತು.

ಐದನೆಯ ಕಂಬದ ಬುಡದಲ್ಲಿ ಬಡಗಿಯೂ ನಿಂತ.

ತಿರುಗಿ ನೋಡಿದ. ಅಷ್ಟು ದೂರದಿಂದ ಮುಖ ಕಾಣುವಂತಿರಲಿಲ್ಲ. ಆದರೆ ಕತ್ತಲ ಬೀದಿಯಿಂದ ನೋಡುವವನಿಗೆ ಮಹಡಿಯ ದೀಪವೂ, ಕಿಟಕಿಯ ಇನ್ಸ್‌ಪೆಕ್ಟರೂ, ಅವರ ಹಿಂದೆ ಎದ್ದು ಬಂದು ನಿಂತಿದ್ದ ಮೇಷ್ಟ್ರ ಮಗಳೂ ಕನ್ನಡಿಯಲ್ಲಿನಷ್ಟು ಸ್ಪಷ್ಟವಾಗಿ ಕಂಡಿರಬೇಕು. ಅವನು ಹೆಂಡತಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. ಅವಳಿಗೆ ಏನೋ ಹೇಳಿದ. ಅವಳು ದೀಪದ ಕೆಳಗೆ ಒಂಟಿಯಾಗಿ ನಿಂತಳು.

ಬಡಗಿ ನಾಲ್ಕನೆಯ ಕಂಬಕ್ಕೆ ಬಂದ. ಮೂರನೆಯದಕ್ಕೆ ಬರುವಾಗ ಇನ್ನಷ್ಟು ದೊಡ್ಡವನಾಗಿದ್ದ. ಎರಡನೆಯದರ ಬಳಿ ಬೀದಿಯನ್ನು ಬಿಟ್ಟು, ನಾಟಕಶಾಲೆಯ ಹಿಂದಿನ ಓಣಿಗೆ ತಿರುಗಿಕೊಂಡ.

ಹಿಂದಿನಿಂದ ಮೇಷ್ಟ್ರ ಮಗಳ ಧ್ವನಿ ಬಂತು, ಬಹಳ ಮೆಲ್ಲಗೆ.

“ಸಾರ್, ಹಿಂಬಾಗಿಲಿಗೆ ಚಿಲಕ ಹಾಕಿದೀರಾ?”